ಇಷ್ಟು ದೊಡ್ಡವರು ನಂಬಿದ್ರಲ್ಲ, ಅವರೆಲ್ಲ ದಡ್ಡರಾ? ಪುಟ್ಟಪರ್ತಿಯ ಉದಾಹರಣೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಓದಿಕೊಳ್ಳೋರಿಗೆ, ಎಂದಿನ ಹಾಗೆ ಮಾತಿನ ಬರಹರೂಪ ಇಲ್ಲಿದೆ.

ಯಾವುದೇ ಬಾಬಾ ಅಥವಾ ಗುರೂಜಿ ಬಗ್ಗೆ ಸ್ವಲ್ಪ ಅನುಮಾನ ತೋರಿಸಿ ನೋಡಿ. ಎದುರಿಗಿರೋರು ಹೇಳೋ ಮೊದಲನೇ ಮಾತು ಇದೇ: "ಪ್ರಧಾನಮಂತ್ರಿಗಳು, ಜಡ್ಜ್‌ಗಳು, ಕ್ರಿಕೆಟಿಗರು ಎಲ್ಲ ಹೋಗಿ ಕೈಮುಗಿದು ಬಂದಿದ್ದಾರೆ. ಅವರೆಲ್ಲ ದಡ್ಡರು, ನೀನೊಬ್ಬನೇ ಜಾಣನಾ?" ನನ್ನ ಉತ್ತರ: ಅವರು ದಡ್ಡರಲ್ಲ. ಆದ್ರೆ ಅವರು ನಂಬಿದ್ದು ಪುರಾವೆಯೂ ಅಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ ಅನ್ನೋದನ್ನ ಪುಟ್ಟಪರ್ತಿಯ ಸತ್ಯ ಸಾಯಿ ಬಾಬಾ ಅವರ ಉದಾಹರಣೆ ಇಟ್ಟುಕೊಂಡು ನೋಡೋಣ.

ಈ ಉದಾಹರಣೆ ಯಾಕೆ ಅಂದ್ರೆ ಇದು ನಮಗೆ ಹತ್ತಿರದ್ದು. ಹೈದರಾಬಾದಿಂದ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗುವಾಗ ಅನಂತಪುರ, ಪೆನುಕೊಂಡ ದಾಟುತ್ತೀವಲ್ಲ, ಅಲ್ಲಿಂದ ಪೂರ್ವಕ್ಕೆ ಪುಟ್ಟಪರ್ತಿ. 2022ರಿಂದ ಅದು ಬಾಬಾ ಹೆಸರಿನದೇ ಜಿಲ್ಲೆಯ ಕೇಂದ್ರ. ಬೇಸಿಗೆಯಲ್ಲಿ ಅವರು ಇರುತ್ತಿದ್ದದ್ದು ವೈಟ್‌ಫೀಲ್ಡ್ ಕಡೆಯ ಬೃಂದಾವನದಲ್ಲಿ. ಇಲ್ಲಿ ಹೈದರಾಬಾದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹತ್ತಿರ 'ಶಿವಂ' ಮಂದಿರ ಇದೆ. ನಮ್ಮಮ್ಮ ಊರಿಂದ ಬಂದಾಗಲೆಲ್ಲ ಅಲ್ಲಿಗೆ ಹೋಗಬೇಕು ಅಂತಾರೆ, ಗಚ್ಚಿಬೌಲಿಯಿಂದ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಹಾಗಾಗಿ ಇದು ಯಾರ ಮನೆಯ ದೇವರಕೋಣೆಯನ್ನೂ ಅಣಕಿಸೋ ಮಾತಲ್ಲ.

ಮೊದಲು ದೊಡ್ಡವರ ವಿಷಯ. ಪಿ.ವಿ. ನರಸಿಂಹ ರಾವ್, ವಾಜಪೇಯಿ ಇಬ್ಬರೂ ಬಾಬಾ ಮೇಲೆ ಭಕ್ತಿ ಇದ್ದವರು. ಹಾರ್ಡ್ ರಾಕ್ ಕೆಫೆ ಕಟ್ಟಿದ ಐಸಾಕ್ ಟಿಗ್ರೆಟ್, ಸುನಿಲ್ ಗವಾಸ್ಕರ್, ಸಚಿನ್ ತೆಂಡೂಲ್ಕರ್ ಕೂಡ. 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡ ದಿನ ಸಚಿನ್ ಇದ್ದದ್ದು ಇದೇ ಹೈದರಾಬಾದಲ್ಲಿ, ಐಪಿಎಲ್ ಪಂದ್ಯಕ್ಕೆ ಬಂದು. ಅವತ್ತು ಅವರ ಹುಟ್ಟುಹಬ್ಬವೂ ಹೌದು. ಆಚರಣೆ ಬಿಟ್ಟರು, ಆಮೇಲೆ ಪುಟ್ಟಪರ್ತಿಗೆ ಹೋಗಿ ಕಣ್ಣೀರು ಹಾಕಿದರು. ಆ ದುಃಖ ಸುಳ್ಳು ಅಂತ ಯಾರೂ ಹೇಳೋಕಾಗಲ್ಲ.

ಆದ್ರೆ ಸಚಿನ್‌ಗೆ ಗೊತ್ತಿರೋದು ಬ್ಯಾಟಿಂಗ್. ಕೈಚಳಕ ಹಿಡಿಯೋದು ಜಾದೂಗಾರರ ವಿದ್ಯೆ. ವಿಭೂತಿ ಬರಿಸೋ ಜಾದೂಗಾರರು ಬೂದಿಯನ್ನ ಗಂಜಿಯಲ್ಲಿ ಕಲಸಿ, ಗುಳಿಗೆ ಮಾಡಿ ಒಣಗಿಸಿ, ಹೆಬ್ಬೆರಳಿನ ಸಂದಿಯಲ್ಲಿ ಇಟ್ಟುಕೊಳ್ತಾರೆ. ಕೈ ಬೀಸುವಾಗ ಪುಡಿ ಮಾಡಿದರೆ ಮುಗೀತು. ಬಿ. ಪ್ರೇಮಾನಂದ್ ಇದನ್ನ ದೇಶವೆಲ್ಲ ಸುತ್ತಿ ತೋರಿಸಿದರು. ನಮ್ಮಲ್ಲಿ ಹುಲಿಕಲ್ ನಟರಾಜ್ ಪವಾಡ ಬಯಲು ಕಾರ್ಯಕ್ರಮ ಮಾಡೋದನ್ನ ಸ್ಕೂಲಲ್ಲಿ ನೋಡಿದವರು ನಿಮ್ಮಲ್ಲೂ ಇರಬಹುದು. ಹೀಗೆ ಮಾಡೋಕೆ ಬರುತ್ತೆ ಅಂದ ಮಾತ್ರಕ್ಕೆ ಬಾಬಾ ಹಾಗೇ ಮಾಡಿದ್ರು ಅಂತ ಸಾಬೀತಾಗಲ್ಲ. ಆದ್ರೆ "ಕಣ್ಣಾರೆ ಕಂಡೆ" ಅನ್ನೋದು ಸಾಲದು ಅಂತಂತೂ ಸಾಬೀತಾಗುತ್ತೆ.

ಇನ್ನೊಂದು ತೊಂದರೆ ಎಣಿಕೆಯದು. ನಮ್ಮ ಕೋಡ್ ರಿವ್ಯೂ ನೆನಪು ಮಾಡ್ಕೊಳ್ಳಿ. ಆರ್ಕಿಟೆಕ್ಟ್ ಅಪ್ರೂವ್ ಮಾಡಿದ ಮೇಲೆ ಉಳಿದ ನಾಲ್ವರು ಓದದೇನೇ ಬಟನ್ ಒತ್ತುತ್ತಾರೆ. ಐದು ಅಪ್ರೂವಲ್ ಬಂತು, ಟೆಸ್ಟ್ ಓಡಿಸಿದವರು ಸೊನ್ನೆ. ದೊಡ್ಡವರ ಭಕ್ತಿಯೂ ಹೀಗೇ ಬೆಳೆಯುತ್ತೆ. ಮಂತ್ರಿ ಹೋದ್ರು ಅಂತ ಅಧಿಕಾರಿ, ಅಧಿಕಾರಿ ಹೋದ್ರು ಅಂತ ಉದ್ಯಮಿ. ಅದು ಐವತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿಯ ಐವತ್ತು ಕಾಪಿ.

ಕೆಲವು ಸಲ ಆ ಒಂದು ಸಾಕ್ಷಿಯೂ ಇರಲ್ಲ. 1970ರ ದಶಕದಲ್ಲಿ ಒಂದು ಕಥೆ ಓಡಾಡ್ತಿತ್ತು: ಜಪಾನಿನ ಸೀಕೋ ವಾಚ್ ಕಂಪನಿಯ ಮುಖ್ಯಸ್ಥರು ದರ್ಶನಕ್ಕೆ ಬಂದಾಗ, ಅವರ ತಿಜೋರಿಯಲ್ಲಿದ್ದ ಹೊಸ ಮಾದರಿಯ ವಾಚನ್ನ ಬಾಬಾ ಗಾಳಿಯಿಂದ ತೆಗೆದುಕೊಟ್ಟರಂತೆ, ಅವರು ಅಲ್ಲೇ ಭಕ್ತರಾದರಂತೆ. ಕೇರಳ ಮೂಲದ, ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ ಒಂದು ಸರಳ ಕೆಲಸ ಮಾಡಿದರು. ಸೀಕೋ ಮುಖ್ಯಸ್ಥರಿಗೇ ಕಾಗದ ಬರೆದು ಕೇಳಿದರು. ಅಂಥದ್ದೇನೂ ನಡೆದಿಲ್ಲ ಅಂತ ಉತ್ತರ ಬಂತು. ಅಷ್ಟು ವರ್ಷ ಆ ಕಥೆ ಹೇಳ್ತಿದ್ದವರಲ್ಲಿ ಒಬ್ಬರಿಗೂ ಒಂದು ಅಂಚೆ ಚೀಟಿ ಖರ್ಚು ಮಾಡೋಣ ಅನ್ನಿಸಿರಲಿಲ್ಲ.

ಹಾಗಾದ್ರೆ ಟೆಸ್ಟ್ ಅಂದ್ರೆ ಏನು? ಇಲ್ಲಿ ನಮ್ಮವರೇ ಆದ ಎಚ್. ನರಸಿಂಹಯ್ಯ ಅವರನ್ನ ನೆನೆಯಲೇಬೇಕು. ಗೌರಿಬಿದನೂರು ಕಡೆಯ ಬಡ ಮನೆಯಿಂದ ಬಂದು, ಕ್ವಿಟ್ ಇಂಡಿಯಾದಲ್ಲಿ ಜೈಲು ಕಂಡು, ಅಮೆರಿಕದ ಓಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ, ಕೊನೆವರೆಗೂ ಖಾದಿ ಉಟ್ಟು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್‌ನಲ್ಲೇ ಇದ್ದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸೋಕೆ ಒಂದು ಸಮಿತಿ ಮಾಡಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ನಾಗರಿಕರ ಕರ್ತವ್ಯ ಅಂತ 42ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ್ದೂ ಅದೇ ವರ್ಷ.

ನರಸಿಂಹಯ್ಯ ಬಾಬಾ ಅವರಿಗೆ ಮೂರು ಪತ್ರ ಬರೆದರು. ಕೇಳಿದ್ದು ಇಷ್ಟೇ: ನಿಮ್ಮ ಪವಾಡವನ್ನ ಸಮಿತಿಯ ಮುಂದೆ, ನಿಯಂತ್ರಿತ ಪರಿಸ್ಥಿತಿಯಲ್ಲಿ ತೋರಿಸಿ. ಉಂಗುರದ ಬದಲು ಒಂದು ಕುಂಬಳಕಾಯಿ ಸೃಷ್ಟಿಸಲಿ ಅನ್ನೋ ಅವರ ಸವಾಲು ಆಮೇಲೆ ಮನೆಮಾತಾಯ್ತು. ತಮಾಷೆಯಾಗಿ ಕಂಡರೂ ಅದು ಒಳ್ಳೇ ಟೆಸ್ಟ್ ಕೇಸ್. ಶೂನ್ಯದಿಂದ ಸೃಷ್ಟಿಸೋರಿಗೆ ಉಂಗುರ ಏನು, ಕುಂಬಳಕಾಯಿ ಏನು? ತೋಳಲ್ಲಿ ಬಚ್ಚಿಡೋರಿಗೆ ಮಾತ್ರ ಸೈಜ್ ಮುಖ್ಯ ಆಗುತ್ತೆ. ಎರಡು ವಾದಗಳನ್ನ ಬೇರ್ಪಡಿಸೋ ಪ್ರಶ್ನೆ ಅದು.

ಪತ್ರಗಳಿಗೆ ಉತ್ತರ ಬರಲಿಲ್ಲ. ಅದೇ ವರ್ಷ ಬ್ಲಿಟ್ಜ್ ಪತ್ರಿಕೆಯ ಆರ್.ಕೆ. ಕರಂಜಿಯಾ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಬಾಬಾ ಹೇಳಿದ್ದರ ಸಾರ: ವಿಜ್ಞಾನ ಇಂದ್ರಿಯಗಳಿಗೆ ಸಿಗೋದನ್ನ ಮಾತ್ರ ಪರೀಕ್ಷಿಸಬೇಕು, ಅಧ್ಯಾತ್ಮ ಅದರಾಚೆಗಿನದು. ದೇವರು, ಆತ್ಮ, ಶಾಂತಿ ವಿಷಯಕ್ಕೆ ಈ ಮಾತು ಒಪ್ಪಿಕೊಳ್ಳೋಣ. ಆದ್ರೆ ಉಂಗುರ ಇಂದ್ರಿಯಗಳಿಗೆ ಸಿಗುತ್ತೆ. ಅದಕ್ಕೆ ತೂಕ ಇದೆ, ಬೆರಳಿಗೆ ಹಾಕ್ಕೋಬಹುದು, ಅಕ್ಕಸಾಲಿಗರ ಹತ್ರ ಒರೆಗೆ ಹಚ್ಚಬಹುದು. ತೋರಿಸುವಾಗ ಭೌತವಸ್ತು, ಪರೀಕ್ಷಿಸುವಾಗ ಅಧ್ಯಾತ್ಮ ಅಂದ್ರೆ ಲೆಕ್ಕ ಕೂಡಲ್ಲ. ಇತ್ತ ಪಾಂಡವಪುರದಲ್ಲಿ ಬಾಬಾ ಕೃಪೆಯಿಂದ ವಿಭೂತಿ ಬರಿಸ್ತಾನೆ ಅಂತ ಹೆಸರಾಗಿದ್ದ ಒಬ್ಬ ಪುಟ್ಟ ಹುಡುಗನನ್ನ ಸಮಿತಿ ಹೋಗಿ ನೋಡಿತು. ವಿಭೂತಿ ಸಿಕ್ಕಿದ್ದು ಅವನ ಬಟ್ಟೆಯೊಳಗೆ. 1977ರಲ್ಲಿ ಸಮಿತಿಯೇ ಮುಗಿದುಹೋಯ್ತು.

ಈಗ ಹೈದರಾಬಾದಿಗೆ ಬರೋಣ. 1992ರ ಆಗಸ್ಟ್‌ನಲ್ಲಿ ಇಲ್ಲಿ ಒಂದು ಕಲ್ಯಾಣ ಮಂಟಪದ ಉದ್ಘಾಟನೆ. ವೇದಿಕೆ ಮೇಲೆ ಪ್ರಧಾನಿ ನರಸಿಂಹ ರಾವ್, ಎದುರಿಗೆ ದೂರದರ್ಶನದ ಕ್ಯಾಮೆರಾ. ಬಾಬಾ ಒಂದು ಚಿನ್ನದ ಸರ 'ಸೃಷ್ಟಿಸಿ' ಕಟ್ಟಡದ ವಾಸ್ತುಶಿಲ್ಪಿಗೆ ಕೊಟ್ಟರು. ಆ ಭಾಗ ಟಿವಿಯಲ್ಲಿ ಬರಲಿಲ್ಲ, ಟೇಪ್ ಮಾತ್ರ ಹೊರಗೆ ಬಂತು. ನೆನಪಿನ ಕಾಣಿಕೆ ಕೈ ಬದಲಾಗುವಾಗ ಅದರಡಿಯಲ್ಲಿ ಸಹಾಯಕ ಸರವನ್ನೂ ದಾಟಿಸಿದ ಅನ್ನೋದು ಆರೋಪ. ನವೆಂಬರ್ 23ರಂದು, ಬಾಬಾ ಹುಟ್ಟುಹಬ್ಬದ ದಿನವೇ, ಡೆಕ್ಕನ್ ಕ್ರಾನಿಕಲ್ ಇದನ್ನ ಮುಖಪುಟದಲ್ಲಿ ಹಾಕಿತು.

ವಿಚಾರವಾದಿಗಳಲ್ಲಿ ಬಹಳ ಜನ ಈ ಟೇಪನ್ನ ಬ್ರಹ್ಮಾಸ್ತ್ರ ಅಂತಾರೆ. ನಾನು ಹಾಗೆ ಬಳಸಲ್ಲ. ಐಸ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಎರ್ಲೆಂಡುರ್ ಹರಾಲ್ಡ್‌ಸನ್ ಮತ್ತು ಜಾದೂ ಬಲ್ಲ ಬ್ರಿಟಿಷ್ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಅದನ್ನ ಪರಿಶೀಲಿಸಿ 1995ರಲ್ಲಿ ಪ್ರಕಟಿಸಿದರು. ಕೈಗಳ ಚಲನೆ ಅನುಮಾನ ಹುಟ್ಟಿಸಿದರೂ ಚಿತ್ರ ಅಷ್ಟು ಸ್ಪಷ್ಟವಿಲ್ಲ, ಸರ ದಾಟಿದ್ದು ಖಚಿತವಾಗಿ ಕಾಣಲ್ಲ ಅನ್ನೋದು ಅವರ ತೀರ್ಮಾನ. ನಮ್ಮ ಕಡೆಯ ಪುರಾವೆಗೂ ಅದೇ ಟೆಸ್ಟ್ ಹಚ್ಚಬೇಕು, ಇಲ್ಲಾಂದ್ರೆ ನಾವೂ ಇನ್ನೊಂದು ಭಕ್ತಮಂಡಳಿ ಆಗ್ತೀವಿ. ನನ್ನ ಅನುಮಾನಕ್ಕೆ ಟೇಪ್ ಬೇಕಾಗಿಯೂ ಇಲ್ಲ. ಇದೇ ಹರಾಲ್ಡ್‌ಸನ್ ವರ್ಷಗಟ್ಟಲೆ ಸಹಾನುಭೂತಿಯಿಂದ ಬಾಬಾ ಬಗ್ಗೆ ಸಂಶೋಧನೆ ಮಾಡಿ, ನಿಯಂತ್ರಿತ ಪ್ರಯೋಗಕ್ಕೆ ಕೇಳಿಕೊಂಡಿದ್ದರು. ಅವರಿಗೂ ಸಿಗಲಿಲ್ಲ. ಲಕ್ಷಾಂತರ ಜನರೆದುರು ದಶಕಗಳ ಕಾಲ ಮಾಡಿದ ಕೆಲಸವನ್ನ ಒಂದೇ ಒಂದು ಸಲ ಪರೀಕ್ಷೆಗೆ ಒಡ್ಡಲಿಲ್ಲ.

ಪರೀಕ್ಷಿಸಬಹುದಾದ ಮಾತು ಒಂದಿತ್ತು. 96 ವರ್ಷ ಬದುಕ್ತೀನಿ ಅಂತ ಬಾಬಾ ಹೇಳಿದ್ದರು. 1926ರ ನವೆಂಬರ್ 23ರಂದು ಹುಟ್ಟಿದವರು 84ನೇ ವಯಸ್ಸಲ್ಲಿ ಹೋದರು. ಆಗ ಕೆಲವು ಭಕ್ತರು 27 ನಕ್ಷತ್ರಗಳ ತಿಂಗಳ ಲೆಕ್ಕ ತಂದರು. ಅವರು ಬದುಕಿದ್ದು ಸುಮಾರು 30,833 ದಿನ. ಅದನ್ನ 324ರಿಂದ ಭಾಗಿಸಿ, 95 ದಾಟುತ್ತೆ, ಅಂದ್ರೆ 96 ನಡೀತಿತ್ತು. ಗಣಿತ ಸರಿ ಇದೆ. ಆದ್ರೆ ರಿಸಲ್ಟ್ ಬಂದ ಮೇಲೆ ಯೂನಿಟ್ ಬದಲಾಯಿಸಿದರೆ ಯಾವ ಟೆಸ್ಟೂ ಫೇಲ್ ಆಗಲ್ಲ. ಅದೇ ಲೆಕ್ಕದಲ್ಲಿ 35ರ ನನಗೆ ಈಗಾಗಲೇ 39 ದಾಟಿದೆ.

"ಆಸ್ಪತ್ರೆ ಕಟ್ಟಿಸಿದ್ರಲ್ಲ?" ಅಂತೀರಿ. ಕಟ್ಟಿಸಿದರು. 1991ರಲ್ಲಿ ಪುಟ್ಟಪರ್ತಿಯಲ್ಲಿ, 2001ರಲ್ಲಿ ವೈಟ್‌ಫೀಲ್ಡ್‌ನಲ್ಲಿ. ದುಡ್ಡಿಲ್ಲದೆ ಹೃದಯದ ಆಪರೇಷನ್ ಆದವರು ನಮ್ಮ ಊರುಗಳಲ್ಲೇ ಇದ್ದಾರೆ. ಅನಂತಪುರದಂಥ ಬರದ ಜಿಲ್ಲೆಯ ನೂರಾರು ಹಳ್ಳಿಗೆ ಕುಡಿಯೋ ನೀರು ಕೊಟ್ಟಿದ್ದೂ ನಿಜ. ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದ್ರೆ ಅಲ್ಲಿ ಆಪರೇಷನ್ ಮಾಡಿದ್ದು ಸರ್ಜನ್‌ಗಳು, ನೀರು ತಂದಿದ್ದು ಎಂಜಿನಿಯರ್‌ಗಳು ಮತ್ತು ಪೈಪುಗಳು. ದಾನಕ್ಕೆ ದಾನದ ಮಾರ್ಕ್ಸ್ ಕೊಡೋಣ, ಪವಾಡದ ಪೇಪರಿಗೆ ಅದನ್ನ ಸೇರಿಸೋದು ಬೇಡ.

"ಇರಲಿ ಬಿಡಿ, ನಂಬೋದರಿಂದ ಯಾರಿಗೇನು ನಷ್ಟ?" ಅನ್ನೋರಿಗೆ ಒಂದು ಘಟನೆ. 2000ದ ಆಸುಪಾಸು ಕೆಲವು ಮಾಜಿ ಭಕ್ತರು, ಹೆಚ್ಚಾಗಿ ವಿದೇಶಿಯರು, ಬಾಬಾ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಬಾಬಾ, ಅವರ ಸಂಸ್ಥೆ ನಿರಾಕರಿಸಿತು. ಯಾವ ಕೋರ್ಟಲ್ಲೂ ಅದು ಸಾಬೀತಾಗಿಲ್ಲ, ಅವರ ಮೇಲೆ ಆರೋಪಪಟ್ಟಿಯೂ ಬರಲಿಲ್ಲ. ಹಾಗಾಗಿ ತಪ್ಪಿತಸ್ಥರು ಅಂತ ನಾನು ಹೇಳಲ್ಲ. ನಾನು ತೋರಿಸಬೇಕಾದ್ದು 2001ರ ಡಿಸೆಂಬರ್‌ನ ಒಂದು ಪತ್ರ. ಆರೋಪಗಳೆಲ್ಲ ಆಧಾರವಿಲ್ಲದ ಕಟ್ಟುಕಥೆ ಅಂದ ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಆಗಿನ ಪ್ರಧಾನಿ ವಾಜಪೇಯಿ ಇದ್ದರು, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳಾದ ಪಿ.ಎನ್. ಭಗವತಿ, ರಂಗನಾಥ ಮಿಶ್ರಾ ಇದ್ದರು. ಪ್ರಧಾನಿಯೇ ತೀರ್ಪು ಕೊಟ್ಟ ಮೇಲೆ ದೂರು ಹಿಡಿದುಕೊಂಡು ಬಂದವನ ಮಾತನ್ನ ಯಾವ ಇನ್‌ಸ್ಪೆಕ್ಟರ್ ಬರೆದುಕೊಳ್ತಾನೆ? ಆರೋಪ ಸುಳ್ಳಾಗಿದ್ದರೆ ಸರಿಯಾದ ತನಿಖೆ ಬಾಬಾ ಹೆಸರನ್ನೂ ತೊಳೆಯುತ್ತಿತ್ತು. ದೊಡ್ಡವರ ಭಕ್ತಿ ಸರ್ಟಿಫಿಕೇಟ್ ಆದಾಗ ಆಗೋ ನಷ್ಟ ಇದು: ಕೇಳೋ ಬಾಗಿಲೇ ಮುಚ್ಚುತ್ತೆ.

ಇದನ್ನ ಮನೆಯಲ್ಲಿ ಹೇಗೆ ಬಳಸೋದು? ಅಮ್ಮನ ಭಜನೆ ಜೊತೆ ಜಗಳ ಆಡೋಕೆ ಬಳಸಬೇಡಿ. ಭಜನೆಯಿಂದ ಅವರಿಗೆ ಸಿಗೋ ನೆಮ್ಮದಿಗೆ ಲ್ಯಾಬ್ ಟೆಸ್ಟ್ ಬೇಕಿಲ್ಲ. ನಾನು ಅಮ್ಮನನ್ನ ಶಿವಂ ಗೇಟ್‌ವರೆಗೂ ಬಿಡ್ತೀನಿ, ಶುಗರ್ ಮಾತ್ರೆ ತಗೊಂಡ್ರಾ ಅಂತಲೂ ಕೇಳ್ತೀನಿ. ಪಟ್ಟು ಹಿಡಿಯಬೇಕಾದ ಜಾಗ ಮೂರು: ಯಾರಾದರೂ ಮಾತ್ರೆ ನಿಲ್ಲಿಸು ಅಂದಾಗ, ದೊಡ್ಡ ಮೊತ್ತ ಅಥವಾ ಆಸ್ತಿ ಪತ್ರ ಕೇಳಿದಾಗ, ಮಕ್ಕಳನ್ನ ಒಂಟಿಯಾಗಿ ಬಿಟ್ಟು ಹೋಗಿ ಅಂದಾಗ. ಆಗ ಎದುರಿಗಿರೋರು ಯಾವ ನಟನ, ಯಾವ ಸಿಇಒನ ಹೆಸರು ಹೇಳಿದರೂ ಕೇಳಬೇಕಾದ್ದು ಒಂದೇ: "ಅವರು ನಂಬಿದ್ದು ಸರಿ, ಪರೀಕ್ಷೆ ಮಾಡಿದವರು ಯಾರು?" ಹೆಸರು ಸಿಗದಿದ್ದರೆ ಸಹಿ ಹಾಕಬೇಡಿ, ದುಡ್ಡು ಕಳಿಸಬೇಡಿ, ಮಾತ್ರೆ ನಿಲ್ಲಿಸಬೇಡಿ.