ರಕ್ತ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ

'ರಕ್ತ ತೆಳು ಮಾಡುವ ಮಾತ್ರೆ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಭೌತವಿಜ್ಞಾನದ ದೃಷ್ಟಿಯಿಂದ ಈ ಹೆಸರು ಸರಿಯಲ್ಲ. ದ್ರವ ತೆಳುವಾಯಿತೆಂದರೆ ಅದರ ಸ್ನಿಗ್ಧತೆ ಕಡಿಮೆಯಾಗಬೇಕು. ಈ ಮಾತ್ರೆಯಿಂದ ರಕ್ತದ ಸ್ನಿಗ್ಧತೆ ಇಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾಗುವ ಕಾಲ ಹೆಚ್ಚುತ್ತದೆ, ಅಷ್ಟೆ. 'ಅಜ್ಜನಿಗೆ ಮೊದಲೇ ನಿಶ್ಶಕ್ತಿ, ರಕ್ತ ಇನ್ನೂ ತೆಳುವಾದರೆ ಗತಿಯೇನು' ಎಂದು ಮನೆಯವರೇ ಮಾತ್ರೆ ನಿಲ್ಲಿಸುವುದಕ್ಕೆ ಈ ಹೆಸರೂ ಒಂದು ಕಾರಣ.

ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ವಯಸ್ಸಾದಂತೆ ಹೆಚ್ಚಾಗಿ ಕಾಣಿಸುತ್ತದೆ. ಆಗ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ಕ್ರಮವಿಲ್ಲದ ವಿದ್ಯುತ್ ಸ್ಪಂದಗಳು ಏಳುತ್ತವೆ. ಗೋಡೆಗಳು ಸಂಕುಚಿಸುವ ಬದಲು ಬರಿದೇ ಅದುರುತ್ತವೆ. ಎಡ ಹೃತ್ಕರ್ಣಕ್ಕೆ ಅಂಟಿದ ಕಿವಿಯಾಕಾರದ ಪುಟ್ಟ ಚೀಲದಲ್ಲಿ ರಕ್ತ ನಿಲ್ಲತೊಡಗುತ್ತದೆ. ಕುಮಟಾದ ಬಳಿ ಅಘನಾಶಿನಿಯ ಗಜನಿಗಳನ್ನು ನೋಡಿದ್ದೀರಾ? ಉಬ್ಬರದ ನೀರು ನಿಂತಲ್ಲಿ ಹೂಳು ಕೂರುತ್ತದೆ, ನಡುಹೊಳೆಯ ಸೆಳವಿನಲ್ಲಿ ಕೂರುವುದಿಲ್ಲ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಹೆಪ್ಪುಗಟ್ಟುವುದು ರಾಸಾಯನಿಕ ಸರಣಿಕ್ರಿಯೆ. ಆದರೆ ಅದಕ್ಕೂ ನಿಂತ ರಕ್ತವೇ ಅನುಕೂಲ. ಅಲ್ಲಿಂದ ಕಳಚಿದ ತುಣುಕು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಈ ಲಯದೋಷವಿದ್ದವರಲ್ಲಿ ಲಕ್ವದ ಸಾಧ್ಯತೆ ಸುಮಾರು 5 ಪಟ್ಟು.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ.; ಹೊನ್ನಾವರ, ಕುಮಟಾಗಳಿಂದ ಇನ್ನೂ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಜೋರಾದುದು ನಿಮಗೆ ನೆನಪಿರಬಹುದು. ಇಂಥ ಕಡೆ ಹೆಪ್ಪನ್ನು ಮೊದಲೇ ತಡೆಯುವ ಮಾತ್ರೆಗೆ ಹೆಚ್ಚು ತೂಕ.

ಹಳೆಯ ಮಾತ್ರೆ ವಾರ್ಫರಿನ್. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. ಕಾರಣವಾದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ತಂಡ ಬೇರ್ಪಡಿಸಿತು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು! ಯಕೃತ್ತು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಸಿದ್ಧಪಡಿಸಲು ಕೆ ವಿಟಮಿನ್ ಬೇಕು. ವಾರ್ಫರಿನ್ ಆ ವಿಟಮಿನ್ನಿನ ಮರುಬಳಕೆಗೆ ಅಡ್ಡಬರುತ್ತದೆ. ಹಾಗಾಗಿ ಒಂದು ವಾರ ಹರಿವೆ, ನುಗ್ಗೆಸೊಪ್ಪು ಯಥೇಚ್ಛ ತಿಂದು ಮರುವಾರ ಬಿಟ್ಟರೆ ಔಷಧಿಯ ಪರಿಣಾಮ ಏರುಪೇರಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ಒಂದೇ ಸಮನಾಗಿರಲಿ.

ಈ ಏರುಪೇರನ್ನು ಅಳೆಯಲು ಐ.ಎನ್.ಆರ್. ಎಂಬ ಸಂಖ್ಯೆಯಿದೆ. ರೋಗಿಯ ರಕ್ತ ಹೆಪ್ಪುಗಟ್ಟುವ ಕಾಲವನ್ನು ಸಾಮಾನ್ಯ ಕಾಲದಿಂದ ಭಾಗಿಸಿ, ಪ್ರಯೋಗಾಲಯದ ರಾಸಾಯನಿಕಕ್ಕೆ ತಕ್ಕಂತೆ ತಿದ್ದಿದ ಅನುಪಾತವಿದು; ಏಕಮಾನವಿಲ್ಲ. ಔಷಧಿ ಇಲ್ಲದವರಲ್ಲಿ ಸುಮಾರು 1, ಈ ರೋಗಿಗಳಲ್ಲಿ 2ರಿಂದ 3 ಇರಬೇಕು. ಕೆಳಗಿಳಿದರೆ ರಕ್ಷಣೆ ಸಾಲದು, ಬಹಳ ಮೇಲೇರಿದರೆ ರಕ್ತಸ್ರಾವ. ಮಾತ್ರೆಯ ಪ್ರಮಾಣ ಬದಲಿಸಿದ ಪರಿಣಾಮ ಪೂರ್ತಿ ಕಾಣಲು ಕೆಲವು ದಿನಗಳೇ ಬೇಕು.

2010ರಿಂದೀಚೆಗೆ ಬಂದ ಡಾಬಿಗಾಟ್ರಾನ್, ಅಪಿಕ್ಸಾಬಾನ್ ಮುಂತಾದವಕ್ಕೆ ಐ.ಎನ್.ಆರ್. ಪರೀಕ್ಷೆ ಬೇಡ. ಮಿದುಳಿನ ರಕ್ತಸ್ರಾವವೂ ವಾರ್ಫರಿನ್‌ಗಿಂತ ಸುಮಾರು ಅರ್ಧದಷ್ಟು. ಮೂತ್ರಪಿಂಡದ ಪರೀಕ್ಷೆ ಮಾತ್ರ ಆಗಾಗ ಆಗಬೇಕು. ಲೋಹದ ಕವಾಟ ಹಾಕಿಸಿಕೊಂಡವರಿಗೆ ಇವು ಸಲ್ಲವು. ಪರಿಣಾಮ ಒಂದೆರಡು ದಿನದಲ್ಲೇ ಇಳಿಯುವುದರಿಂದ, ಮಾತ್ರೆ ಮುಗಿದು 'ಬರುವ ವಾರ ತಂದರಾಯಿತು' ಎಂದರೆ ಆ ವಾರ ರಕ್ಷಣೆಯೇ ಇಲ್ಲ.

ಬಿದ್ದರೆ ರಕ್ತ ಸೋರೀತು ಎಂಬ ಭಯ ಸುಳ್ಳಲ್ಲ. ಆದರೂ ಬಹುಪಾಲು ವೃದ್ಧರಲ್ಲಿ ಲಕ್ವದ ಅಪಾಯವೇ ದೊಡ್ಡದು. ನಿಲ್ಲಿಸುವ ತೀರ್ಮಾನ ವೈದ್ಯರದು. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಜೊತೆಗೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ.

ಶಿಕ್ಷಕರು ತರಗತಿಯಲ್ಲಿ ನಾಡಿ ನೋಡುವುದನ್ನು ಕಲಿಸಬಹುದು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮನೆಯ ಹಿರಿಯರ ನಾಡಿ ಯಾವ ಕ್ರಮಕ್ಕೂ ಸಿಗದಂತೆ ಮಿಡಿಯುತ್ತಿದ್ದರೆ ಅದೇ ರೋಗವೆಂದಲ್ಲ, ಇ.ಸಿ.ಜಿ. ತೆಗೆಸಬೇಕು. ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.