ಟ್ರೈಲರಿನ ಟೈರು ಸಿಡಿಯುವುದೂ ಅದರಿಂದಾಗುವ ನಷ್ಟವೂ

ಕಬ್ಬಿನ ಕಟಾವಿನ ಕಾಲದಲ್ಲಿ ಮಂಡ್ಯ ಸೀಮೆಯ ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಕಬ್ಬು ತುಂಬಿದ ಟ್ರೈಲರುಗಳು ಸಾಲುಗಟ್ಟಿ ಹೋಗುತ್ತಿರುವುದು ಕಾಣಬರುತ್ತದೆ. ಹಿಂದೆ ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದ ಗೊಬ್ಬರ, ಹುಲ್ಲು, ಭತ್ತ, ಬೆಲ್ಲ ಮುಂತಾದುವೆಲ್ಲವೂ ಈಗ ಬಹುಮಟ್ಟಿಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೈಲರಿನಲ್ಲಿಯೇ ಸಾಗುತ್ತವೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಇದ್ದಿತು. ಟ್ರೈಲರಿಗೆ ಗಾಳಿ ತುಂಬಿದ ಟೈರು ಇದೆ. ಪಟ್ಟೆ ಸಡಿಲವಾದರೆ ಸದ್ದುಮಾಡಿ ಮೊದಲೇ ತಿಳಿಸುತ್ತಿದ್ದಿತು. ಟೈರಾದರೋ ತನ್ನ ದೋಷವನ್ನು ಕಣ್ಣಿಗೆ ತೋರಿಸುತ್ತದೆಯೇ ಹೊರತು ಕಿವಿಗೆ ಕೇಳಿಸುವುದಿಲ್ಲ. ಕಿವಿಗೆ ಕೇಳಿಸುವ ಹೊತ್ತಿಗೆ ಕಾರ್ಯವು ಮಿಂಚಿಹೋಗಿರುತ್ತದೆ.

ಕೆಲವು ವರ್ಷಗಳ ಕೆಳಗೆ ನಾನು ಸರ್ಕೀಟಿನಲ್ಲಿದ್ದಾಗ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ನಾಲೆಯ ಏರಿಯಿಂದ ಇಳಿಯುತ್ತಿದ್ದ ಟ್ರೈಲರೊಂದರ ಹಿಂದಿನ ಎಡಗಡೆಯ ಟೈರು ಸಿಡಿಯಿತು. ನಡೆಸುತ್ತಿದ್ದವನು ಗಾಬರಿಯಿಂದ ಬ್ರೇಕನ್ನು ಒಮ್ಮೆಗೇ ತುಳಿದನು. ಟ್ರೈಲರು ಅಡ್ಡಕ್ಕೆ ತಿರುಗಿ ಕಬ್ಬಿನ ಸಮೇತ ಪಕ್ಕದ ತಗ್ಗಿಗೆ ಉರುಳಿತು. ಹೊರೆಯ ಮೇಲೆ ಕುಳಿತಿದ್ದ ಇಬ್ಬರು ಕೂಲಿಯಾಳುಗಳಲ್ಲಿ ಒಬ್ಬನು ದೂರ ಹಾರಿಬಿದ್ದು ಉಳಿದುಕೊಂಡನು. ಇನ್ನೊಬ್ಬನ ಕಾಲು ಹೊರೆಯ ಕೆಳಗೆ ಸಿಕ್ಕಿ ಮುರಿಯಿತು. ಅವನು ಆ ವರ್ಷ ಮತ್ತೆ ಕೆಲಸಕ್ಕೆ ಏಳಲಿಲ್ಲ. ಟ್ರೈಲರಿನ ಯಜಮಾನರು ಉದಾಸೀನರಲ್ಲ, ಎಚ್ಚರವುಳ್ಳ ಬೇಸಾಯಗಾರರು. ಅವರು ನನಗೆ ಹೇಳಿದ್ದಿಷ್ಟು: “ಬಿಸಿಲು ಜಾಸ್ತಿ, ಟೈರು ಸಿಡಿದೀತು ಅಂತ ಬೆಳಿಗ್ಗೆ ನಾನೇ ಸ್ವಲ್ಪ ಗಾಳಿ ಇಳಿಸಿದ್ದೆ, ಸ್ವಾಮಿ.”

ಅವರ ಉದ್ದೇಶವು ಒಳ್ಳೆಯದು. ಆದರೆ ಮಾಡಿದ ಕಾರ್ಯವು ವಿಪರೀತವಾದುದು. ಈ ತಪ್ಪು ತಿಳಿವಳಿಕೆಯು ಹಳ್ಳಿಹಳ್ಳಿಯಲ್ಲಿಯೂ ಇರುವುದರಿಂದ ಇದನ್ನು ವಿವರಿಸುವುದೇ ಈ ಲೇಖನದ ಮುಖ್ಯೋದ್ದೇಶವಾಗಿದೆ.

ಸಿಡಿಯುವುದಕ್ಕೆ ಕಾರಣಗಳು

ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬವರು ಹಕ್ಕುಪತ್ರವನ್ನು ಪಡೆದಿದ್ದರು. ಅದು ಮರೆತುಹೋದ ಬಳಿಕ 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯರಾದ ಜಾನ್ ಡನ್‌ಲಪ್ ಎಂಬವರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಇದನ್ನು ಪುನಃ ಮಾಡಿ ಬಳಕೆಗೆ ತಂದರು. ಅಂದಿನಿಂದ ಇಂದಿನವರೆಗೂ ಇದರ ತತ್ತ್ವವು ಒಂದೇ: ಹೊರೆಯನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ಗಾಳಿಯು ಕಡಮೆಯಾದರೆ ಹೊರೆಯು ಟೈರಿನ ಪಕ್ಕದ ಗೋಡೆಗಳ ಮೇಲೆ ಬೀಳುತ್ತದೆ. ಚಕ್ರವು ಸುತ್ತಿದಷ್ಟು ಸಲವೂ ಆ ಗೋಡೆಗಳು ಬಗ್ಗಿ ಏಳುತ್ತವೆ. ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಅದು ಹೇಗೆ ಬಿಸಿಯಾಗಿ ಕೊನೆಗೆ ತುಂಡಾಗುವುದೋ, ಹಾಗೆಯೇ ಟೈರೂ ಒಳಗೊಳಗೇ ಕಾಯುತ್ತದೆ, ನೂಲಿನ ಪದರಗಳು ಒಂದನ್ನೊಂದು ಬಿಡುತ್ತವೆ, ಕಟ್ಟಕಡೆಗೆ ಸಿಡಿಯುತ್ತದೆ. ಆದುದರಿಂದ ಬಿಸಿಲಿಗೆ ಹೆದರಿ ಗಾಳಿ ಇಳಿಸುವುದೆಂದರೆ ಕಾವನ್ನು ತಗ್ಗಿಸುವುದಲ್ಲ, ಹೆಚ್ಚಿಸುವುದು. ಓಡಿದ ಟೈರಿನಲ್ಲಿ ಗಾಳಿಯ ಒತ್ತಡವು ಏರುವುದು ಸಹಜವಾಗಿದ್ದು, ಬಿಸಿಯಾಗಿರುವಾಗ ಅದನ್ನು ಬಿಡಲೇಕೂಡದು.

ಎರಡನೆಯ ಕಾರಣವು ಅತಿಭಾರ. ಟೈರು ಹೊರಬಹುದಾದ ಭಾರವೂ, ಅದಕ್ಕೆ ಇರಬೇಕಾದ ಗಾಳಿಯ ಒತ್ತಡವೂ ಅದರ ಪಕ್ಕದಲ್ಲಿ ಅಚ್ಚಾಗಿರುತ್ತವೆ. ಉದಾಹರಣೆಗೆ, ತಲಾ 1,500 ಕಿಲೋ ಹೊರಬಲ್ಲ ನಾಲ್ಕು ಟೈರುಗಳಿದ್ದರೆ ಒಟ್ಟು 6,000 ಕಿಲೋ ಆಯಿತು. ಟ್ರೈಲರಿನ ಸ್ವಂತ ತೂಕವು 1,500 ಕಿಲೋ ಎಂದಿಟ್ಟುಕೊಂಡರೆ ಮಾಲಿಗೆ ಉಳಿಯುವುದು 4,500 ಕಿಲೋ ಮಾತ್ರ. ಇದೂ ಹೊರೆಯು ನಾಲ್ಕು ಕಡೆಗೂ ಸಮನಾಗಿದ್ದಾಗ ಬರುವ ಲೆಕ್ಕ. ಹೊರೆಯು ಒಂದು ಪಕ್ಕಕ್ಕೆ ವಾಲಿದರೆ ಆ ಪಕ್ಕದ ಟೈರುಗಳು ತಮ್ಮ ಪಾಲಿಗಿಂತ ಹೆಚ್ಚು ಹೊರಬೇಕಾಗುತ್ತದೆ.

ಮೂರನೆಯದು ಮುಪ್ಪು. ಟ್ರೈಲರು ವರ್ಷದಲ್ಲಿ ಹಲವು ತಿಂಗಳು ಬಿಸಿಲಿನಲ್ಲಿ ಸುಮ್ಮನೆ ನಿಂತಿರುತ್ತದೆ. ಟೈರು ಸವೆಯದಿದ್ದರೂ ರಬ್ಬರು ಒಣಗಿ ಬಿರುಕುಬಿಡುತ್ತದೆ. ಮೇಲ್ಮೈಯ ಗೆರೆಗಳು ಆಳವಾಗಿರುವುದನ್ನು ಕಂಡು ಟೈರು ಹೊಸದೆಂದು ಭ್ರಮಿಸಬಾರದು. ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. ಮೊದಲಿನ ಎರಡಂಕಿಗಳು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯತಕ್ಕದ್ದು. ಹಳೆಯ ಟೈರನ್ನು ಕೊಳ್ಳುವವರು ಬೆಲೆಯನ್ನು ಕೇಳುವುದಕ್ಕೆ ಮುಂಚೆ ಈ ಅಂಕಿಗಳನ್ನು ನೋಡಬೇಕು.

ನಾಲ್ಕನೆಯದು ಹೊಂದಿಕೆಯಿಲ್ಲದ ಜೋಡಿ. ಕೆಲವು ಟ್ರೈಲರುಗಳಲ್ಲಿ ಒಂದೊಂದು ಪಕ್ಕಕ್ಕೂ ಎರಡೆರಡು ಚಕ್ರಗಳಿರುತ್ತವೆ. ಒಂದು ಹೊಸದು, ಇನ್ನೊಂದು ಸವೆದದ್ದು. ಒಂದರಲ್ಲಿ ಗಾಳಿ ಬಿಗಿ, ಇನ್ನೊಂದರಲ್ಲಿ ಸಡಿಲ. ಹೀಗಾದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಂತಾಗುವುದು. ಸಡಿಲವಾದುದರ ಪಾಲನ್ನೂ ಹೊತ್ತು ಬಿಗಿಯಾದುದು ಮೊದಲು ಸಿಡಿಯುತ್ತದೆ.

ಮುನ್ನೆಚ್ಚರಿಕೆ

ನಮ್ಮ ಹಿರಿಯರು ಗಾಡಿ ಹೂಡುವ ಮೊದಲು ಕಡಾಣಿಯನ್ನು ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕದೆ ಊರ ಬಾಗಿಲನ್ನು ದಾಟುತ್ತಿರಲಿಲ್ಲ. ಅದೇ ಶ್ರದ್ಧೆಯು ಇಲ್ಲಿಯೂ ಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿಯನ್ನು ಮಾಪಕದಿಂದ ಅಳೆಯತಕ್ಕದ್ದು. ಕಾಲಿನಿಂದ ಒದ್ದು ನೋಡುವುದು ಅಳತೆಯಲ್ಲ. ವಾಲ್ವಿನ ಮುಚ್ಚಳವು ಇರಬೇಕು. ಮಣ್ಣು ಸೇರಿದರೆ ಗಾಳಿ ಮೆಲ್ಲಗೆ ಸೋರುತ್ತದೆ. ಟೈರಿನಲ್ಲಿ ಉಬ್ಬು, ಕುಯ್ತ, ಒಳಗಿನ ನೂಲು ಕಾಣುವ ಗಾಯ ಇವುಗಳಲ್ಲಿ ಯಾವುದಿದ್ದರೂ ಅದನ್ನು ಹೊರೆಗೆ ಹೂಡಕೂಡದು. ಸ್ವಲ್ಪ ದೂರ ಓಡಿದ ಮೇಲೆ ನಿಲ್ಲಿಸಿ, ಚಕ್ರಗಳ ಬಳಿಗೆ ಕೈಯನ್ನು ಹಿಡಿದು ನೋಡಿರಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅದರ ಗಾಳಿ ಕಡಮೆಯಾಗಿದೆ, ಇಲ್ಲವೇ ಬೇರಿಂಗಿಗೆ ಗ್ರೀಸು ಇಲ್ಲ, ಅಥವಾ ಬ್ರೇಕು ಹಿಡಿದುಕೊಂಡಿದೆ. ಸ್ಟೆಪ್ನಿ ಚಕ್ರ, ಜಾಕಿ, ಪಾನಾ, ಎರಡು ಮರದ ದಿಮ್ಮಿಗಳು ಇವಿಲ್ಲದೆ ಹೊರಡಬಾರದು.

ಸಿಡಿದ ಕ್ಷಣದಲ್ಲಿ

ನಡೆಸುವವನು ಮೊದಲು ಮಾಡಬೇಕಾದುದು, ಬ್ರೇಕನ್ನು ಒಮ್ಮೆಗೇ ತುಳಿಯದಿರುವುದು. ಸ್ಟೇರಿಂಗನ್ನು ಭದ್ರವಾಗಿ ನೇರಕ್ಕೆ ಹಿಡಿದು, ಎಂಜಿನ್ನಿನ ವೇಗವನ್ನು ಇಳಿಸಿ, ಗೇರಿನಲ್ಲಿಯೇ ನಿಧಾನಗೊಳಿಸಿ, ಮೆಲ್ಲಗೆ ಎಡಪಕ್ಕಕ್ಕೆ ತರಬೇಕು. ಇಳಿಜಾರಿನಲ್ಲಿ ಕ್ಲಚ್ಚು ಒತ್ತಿದರೆ ಹೊರೆಯು ಟ್ರ್ಯಾಕ್ಟರನ್ನೇ ದಬ್ಬುತ್ತದೆ. ಟ್ರ್ಯಾಕ್ಟರಿಗೆ ಎರಡು ಬ್ರೇಕುಗಳು ಬೇರೆಬೇರೆಯಾಗಿರುವುದು ಹೊಲದಲ್ಲಿ ತಿರುಗುವ ಅನುಕೂಲಕ್ಕಾಗಿ. ರಸ್ತೆಗೆ ಬರುವಾಗ ಎರಡನ್ನೂ ಕೊಂಡಿಯಿಂದ ಸೇರಿಸಿರತಕ್ಕದ್ದು. ಸೇರಿಸದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರು ಆ ಪಕ್ಕಕ್ಕೆ ತಿರುಗಿಬೀಳುವುದು. ಸಿಡಿದ ಟೈರಿನಲ್ಲಿಯೇ ಆಲೆಯವರೆಗೆ ಎಳೆದುಕೊಂಡು ಹೋಗುವುದೂ ಸಲ್ಲದು. ರಿಮ್ಮು ಹಾಳಾಗುವುದಲ್ಲದೆ, ಹರಿದ ರಬ್ಬರಿನ ಪಟ್ಟಿಯು ಬಡಿದು ದೀಪದ ತಂತಿಗಳನ್ನೂ ತಳದ ಹಲಗೆಯನ್ನೂ ಮುರಿಯುತ್ತದೆ.

ಚಕ್ರವನ್ನು ಬದಲಾಯಿಸುವಾಗ

ಉಳಿದ ಚಕ್ರಗಳಿಗೆ ದಿಮ್ಮಿ ಕೊಟ್ಟು, ರಾತ್ರಿಯಾದರೆ ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ದೀಪವನ್ನಿಡಬೇಕು. ಎರಡು ಚಕ್ರದ ಟ್ರೈಲರನ್ನು ಟ್ರ್ಯಾಕ್ಟರಿನಿಂದ ಬಿಡಿಸಲೇಕೂಡದು. ಬಿಡಿಸಿದರೆ ಮೂಕಿಯು ಮೇಲೆದ್ದು ಹೊಡೆದೀತು. ಸಾಧ್ಯವಾದಷ್ಟು ಹೊರೆಯನ್ನು ಇಳಿಸಿ, ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಜಾಕಿಯ ಕೆಳಗೆ ಹಲಗೆಯನ್ನಿಟ್ಟು ಅಚ್ಚಿನ ಬಳಿ ಎತ್ತಬೇಕು. ಜಾಕಿಯನ್ನೇ ನಂಬಿ ಕೆಳಗೆ ನುಸುಳಬಾರದು.

ಲಾಕ್‌ರಿಂಗು ಇರುವ ರಿಮ್ಮಿನ ವಿಷಯದಲ್ಲಿ ವಿಶೇಷ ಎಚ್ಚರವು ಅವಶ್ಯಕ. ವಾಲ್ವಿನ ಒಳಮೊಳೆಯನ್ನು ತೆಗೆದು ಗಾಳಿಯನ್ನು ಪೂರ್ತಿಯಾಗಿ ಬಿಡದೆ ಆ ಉಂಗುರಕ್ಕೆ ಕೈಹಾಕಬಾರದು. ಗಾಳಿ ತುಂಬುವಾಗ ಅದರ ಎದುರಿಗೆ ನಿಲ್ಲಬಾರದು. ಸರಿಯಾಗಿ ಕೂರದ ಉಂಗುರವು ಚಿಮ್ಮಿದರೆ ಆಳನ್ನು ಕೊಲ್ಲಬಲ್ಲದು. ಟೈರು ಕೂಡಿಸಿರುವ ರಿಮ್ಮಿಗೆ ಬೆಸುಗೆ ಹಾಕಿಸುವುದು ಇನ್ನೂ ಅಪಾಯಕರ. ಒಳಗಿನ ರಬ್ಬರು ಕಾದು ಹೊರಡಿಸುವ ಅನಿಲವು ಹೊತ್ತಿ ಟೈರು ಆಸ್ಫೋಟವಾಗುತ್ತದೆ.

ನಷ್ಟದ ಲೆಕ್ಕ

ಟೈರೊಂದರ ಬೆಲೆಯನ್ನೇ ನಷ್ಟವೆಂದು ಎಣಿಸುವವರು ಬಹಳ. ಆದರೆ ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯಿಸುವುದು ಉತ್ತಮ. ರಸ್ತೆಯಲ್ಲಿ ಬಿಸಿಲಿಗೆ ಬಿದ್ದ ಕಬ್ಬು ತೂಕದಲ್ಲಿಯೂ ಸಕ್ಕರೆಯಲ್ಲಿಯೂ ಇಳಿಯುತ್ತಾ ಹೋಗುತ್ತದೆ. ಆಳುಗಳ ಕೂಲಿ, ರಿಪೇರಿ, ತಪ್ಪಿದ ಸರದಿ ಇವು ಬೇರೆ. ವಿಮೆಯನ್ನು ನಂಬುವುದಕ್ಕೂ ಮಿತಿಯುಂಟು. ವಾಹನಕ್ಕೆ ಬೇರೆ ಜಖಂ ಆಗದೆ ಬರಿಯ ಟೈರು ಸಿಡಿದರೆ ಸಾಧಾರಣವಾಗಿ ಪರಿಹಾರವಿಲ್ಲ. ಜಖಂ ಆಗಿದ್ದರೂ ಟೈರಿನ ಬೆಲೆಯಲ್ಲಿ ಅರ್ಧದವರೆಗೆ ಮಾತ್ರ ಸಿಕ್ಕುವುದು. ಪರಿಹಾರವನ್ನು ಕೇಳುವವರು ಸಿಡಿದ ಟೈರನ್ನು ಎಸೆಯದೆ, ಸ್ಥಳದ ಚಿತ್ರಗಳನ್ನು ತೆಗೆದು ಇಟ್ಟುಕೊಂಡು, ಕೂಡಲೇ ವಿಮೆಯವರಿಗೆ ತಿಳಿಸಬೇಕು. ಮಿತಿಮೀರಿ ಹೇರುವುದು 1988ರ ಮೋಟಾರು ವಾಹನಗಳ ಕಾಯಿದೆಯಂತೆ ಅಪರಾಧವೂ ಆಗಿದೆ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಗಾಳಿ ಅಳೆಯುವ ಮಾಪಕವೊಂದನ್ನು ಊರಿನವರೆಲ್ಲರೂ ಕೂಡಿ ಕೊಂಡು ಎಲ್ಲರಿಗೂ ಅನುಕೂಲವಾದ ಸ್ಥಳದಲ್ಲಿಟ್ಟರೆ ಅದೇ ದೊಡ್ಡ ಉಪಕಾರ. ಅದಕ್ಕಿಂತಲೂ ಮುಖ್ಯವಾಗಿ, ಹೊರೆಯ ಮೇಲೆ ಆಳುಗಳನ್ನು ಕೂರಿಸುವ ಪದ್ಧತಿಯನ್ನು ತಮ್ಮ ಊರಿನಲ್ಲಿ ನಿಲ್ಲಿಸಬೇಕೆಂದು ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ವಿಜ್ಞಾಪಿಸಿಕೊಳ್ಳುತ್ತೇನೆ. ಕೂಲಿಯವನು ತಾನಾಗಿ “ಇಳಿಯುತ್ತೇನೆ” ಎಂದು ಹೇಳಲಾರನು. ಯಜಮಾನನೇ “ಇಳಿ” ಎಂದು ಹೇಳಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವಿಲ್ಲ. ಟೈರು ಹೋದರೆ ಇನ್ನೊಂದನ್ನು ತರಬಹುದು. ನಾಲೆಯ ಏರಿಯ ಕೆಳಗೆ ಮುರಿದ ಆ ಕಾಲು ಮೊದಲಿನಂತಾಗಲಿಲ್ಲ. ಹಿಂದಿನ ದಿನ ಎರಡು ನಿಮಿಷ ಟೈರುಗಳನ್ನು ನೋಡಿದ್ದರೆ, ಅಂದು ಬೆಳಿಗ್ಗೆ ಗಾಳಿಯನ್ನು ಇಳಿಸದೆ ಅಳೆದಿದ್ದರೆ, ಅವನು ಇಂದಿಗೂ ತನ್ನ ಕಾಲಿನ ಮೇಲೆ ನಿಂತು ದುಡಿಯುತ್ತಿದ್ದನು.