ದೂರವಾಣಿಯ ದಾರಿ ಮತ್ತು ಗುರುತು

ಕಲಬುರಗಿಯ ಕಚೇರಿಯೊಂದರಿಂದ ಆಳಂದ ತಾಲ್ಲೂಕಿನ ನರೋಣಾ ಗ್ರಾಮದ ಸ್ಥಿರ ದೂರವಾಣಿಗೆ ಕರೆ ಹೋಗಬೇಕಾಗಿದೆಯೆಂದು ಭಾವಿಸೋಣ. ಕಚೇರಿಯಲ್ಲಿರುವುದು ಐಪಿ ಫೋನು. ಎಂದರೆ ಕಂಪ್ಯೂಟರುಗಳ ಜಾಲದಲ್ಲಿಯೇ ಮಾತನ್ನು ಸಾಗಿಸುವ ಉಪಕರಣ. ಇಲ್ಲಿ ಎರಡು ಪ್ರಶ್ನೆಗಳು ಏಳುವುವು. ಕರೆಯು ಯಾವ ದಾರಿಯಲ್ಲಿ ಹೋಗಬೇಕು? ಯಂತ್ರಗಳು ಒಂದನ್ನೊಂದು ನಂಬುವುದು ಹೇಗೆ?

ಹಿಂದೆ ವಿನಿಮಯ ಕೇಂದ್ರದ ನಿರ್ವಾಹಕರು ಕೇಳಿದ ಸಂಖ್ಯೆಗೆ ತಮ್ಮ ಕೈಯಿಂದಲೇ ತಂತಿ ಜೋಡಿಸುತ್ತಿದ್ದರು. ಪರಿಚಿತರನ್ನು ಧ್ವನಿಯಿಂದಲೇ ಗುರುತಿಸುತ್ತಿದ್ದರು. 1986ರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಕೇಂದ್ರಗಳು ಹರಡಿದಂತೆ ಹಳ್ಳಿಗಳಲ್ಲಿಯೂ ಆ ಕೆಲಸ ಯಂತ್ರದ ಪಾಲಿಗೆ ಬಂದಿತು.

ಐಪಿ ಫೋನು ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ ಅಳೆದು, ಅಂಕಿಗಳನ್ನಾಗಿಸಿ, 50 ಪೊಟ್ಟಣಗಳಲ್ಲಿ ಕಳುಹಿಸುವುದು. ಹಳೆಯ ದೂರವಾಣಿ ಜಾಲವು ಈ ಪೊಟ್ಟಣಗಳನ್ನರಿಯದು. ಎರಡು ಜಾಲಗಳ ನಡುವೆ ದುಭಾಷಿಯಂತೆ ನಿಂತಿರುವ ಯಂತ್ರವೇ ವಾಯ್ಸ್ ಗೇಟ್‌ವೇ. ಅದನ್ನು ಧ್ವನಿದ್ವಾರವೆಂದು ಕರೆಯೋಣ.

ಧ್ವನಿದ್ವಾರವು ಒತ್ತಿದ ಅಂಕಿಗಳನ್ನು ಎಡದಿಂದ ಓದಿ, ತನ್ನಲ್ಲಿರುವ ನಿಯಮಗಳ ಪಟ್ಟಿಯೊಡನೆ ಹೋಲಿಸುವುದು. ಆಳಂದದ ಸಂಕೇತ 08477, ಅಫಜಲಪುರದ್ದು 08470, ಜೇವರ್ಗಿಯದು 08442. ಜೇವರ್ಗಿಯ ದಾರಿ ನಾಲ್ಕನೆಯ ಅಂಕಿಯಲ್ಲಿಯೇ ಬೇರೆಯಾಗುವುದು. ಆಳಂದ, ಅಫಜಲಪುರಗಳನ್ನು ಬೇರ್ಪಡಿಸಲು ಐದನೆಯ ಅಂಕಿಯವರೆಗೆ ಕಾಯಬೇಕು. ‘0 ಬಂದರೆ ಮೊದಲನೆಯ ತಂತಿ’, ‘08477 ಬಂದರೆ ಎರಡನೆಯ ತಂತಿ’ ಎಂಬ ನಿಯಮಗಳೆರಡೂ ಇದ್ದರೆ, ಹೆಚ್ಚು ಅಂಕಿಗಳು ಹೊಂದುವ ಎರಡನೆಯದೇ ಗೆಲ್ಲುವುದು.

ಇನ್ನು ಗುರುತಿನ ವಿಷಯ. ಭದ್ರತೆಯುಳ್ಳ ಜಾಲದಲ್ಲಿ ಫೋನೂ ಕರೆಗಳನ್ನು ನಿಯಂತ್ರಿಸುವ ಯಂತ್ರವೂ ತಮ್ಮ ಸರ್ಟಿಫಿಕೇಟುಗಳನ್ನು ಪರಸ್ಪರ ತೋರಿಸುವುವು. ಅದರಲ್ಲಿ ಯಂತ್ರದ ಹೆಸರು, ಬಹಿರಂಗ ಕೀಲಿ, ಪತ್ರವನ್ನು ಕೊಟ್ಟ ಪ್ರಾಧಿಕಾರದ ಅಂಕೀಯ ಸಹಿ, ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವುವು. ತಹಶೀಲ್ದಾರರ ಮೊಹರನ್ನು ಬಲ್ಲವರು ಅಪರಿಚಿತನ ಪ್ರಮಾಣಪತ್ರವನ್ನೂ ನಂಬುವಂತೆಯೇ ಇದು. ಪತ್ರವನ್ನು ನಕಲು ಮಾಡುವುದು ಸುಲಭ. ಆದರೆ ಅದಕ್ಕೆ ಜೋಡಿಯಾದ ರಹಸ್ಯ ಕೀಲಿಯು ನಿಜವಾದ ಯಂತ್ರದಲ್ಲಿ ಮಾತ್ರ ಇರುವುದರಿಂದ, ಬರಿಯ ನಕಲಿನಿಂದ ಪ್ರಯೋಜನವಿಲ್ಲ. ವಿದ್ಯುತ್ತು ಹೋಗಿ ಬಂದಾಗ ಫೋನಿನ ಗಡಿಯಾರವು ಹಲವು ವರ್ಷ ಹಿಂದಕ್ಕೆ ಜಾರಿದ್ದರೆ, ಸರಿಯಾದ ಪತ್ರವೂ ‘ಇನ್ನೂ ಜಾರಿಗೆ ಬಂದಿಲ್ಲ’ವೆಂದು ತಿರಸ್ಕೃತವಾಗಬಹುದು!

ಗುರುತು ಸರಿಹೋದ ಮೇಲೆ ಮಾತು ಗೂಢಲಿಪಿಯಲ್ಲಿ ಸಾಗುವುದು. ಆದರೆ ಧ್ವನಿದ್ವಾರದವರೆಗೆ ಮಾತ್ರ. ಅದರಾಚೆ ನರೋಣಾದತ್ತ ಹೋಗುವ ಸಾಧಾರಣ ತಂತಿಗೆ ಈ ಸರ್ಟಿಫಿಕೇಟಿನ ಪರಿಚಯವಿಲ್ಲ. ಮೇಲಾಗಿ, ಅದು ಯಂತ್ರದ ಗುರುತನ್ನು ಹೇಳುವುದೇ ಹೊರತು ಮಾತನಾಡುವವನ ಪ್ರಾಮಾಣಿಕತೆಯನ್ನಲ್ಲ.

ಆದುದರಿಂದ ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ’ ಎಂದು ಯಾರಾದರೂ ಗುಪ್ತಸಂಖ್ಯೆಯನ್ನು ಕೇಳಿದರೆ, ಅದನ್ನು ಹೇಳಲಾಗದು. ಕರೆಯನ್ನು ಮುಗಿಸಿ, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು ಲೇಸು. ಬಂದ ಕರೆಯ ಮೂಲವನ್ನು ನಾವರಿಯೆವು. ನಾವು ಮಾಡಿದ ಕರೆಯಾದರೋ ನಾವು ಒತ್ತಿದ ಅಂಕಿಗಳನ್ನೇ ಅನುಸರಿಸುವುದು.